ಮುಂಭಾಗಕ್ಕೆ ಎರಡಿಂಚು ಜಾಸ್ತಿ

ನನ್ನ ಕಣ್ಣಿನ ಬಗ್ಗೆ ನನಗಿದ್ದ ಜಂಬ ಇಳಿದು ಇವತ್ತಿಗೆ ಹನ್ನೆರಡು ದಿನ. ಬೆಳಿಗ್ಗೆ ಟೇಪು ಕೊರಳಿಗೆ ಹಾಕಿಕೊಳ್ಳುವಾಗಲೆಲ್ಲ ಆ ಶಾಲೆಯ ಸಭಾಂಗಣ ಕಣ್ಣ ಮುಂದೆ ಬರುತ್ತದೆ, ಕಿವಿ ಬಿಸಿಯಾಗುತ್ತದೆ. ಜೊತೆಯವರು ಜ್ವರವಾ ಅಂತ ಕೇಳುತ್ತಾರೆ. ಹೂಂ ಅನ್ನುತ್ತೇನೆ.

ಬಸುರಿಯರ ಉಡುಪು ಹೊಲಿಯುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕಟಿಂಗ್ ಮಾಡುವವಳು. ಹತ್ತೊಂಬತ್ತು ವರ್ಷದ ಸರ್ವಿಸು. ಹದಿನಾಲ್ಕು ಮೆಷಿನ್ನು, ಒಂದು ಉದ್ದನೆಯ ಮೇಜು. ಆ ಮೇಜಿಗೆ ನಾನೇ ರಾಣಿ. ಬಸುರಿಯ ಗೌನಿನಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಲೆಕ್ಕಾಚಾರವಿದೆ. ಮುಂಭಾಗವನ್ನು ಹಿಂಭಾಗಕ್ಕಿಂತ ಎರಡಿಂಚು ಉದ್ದ ಕತ್ತರಿಸಬೇಕು. ಹೊಟ್ಟೆ ಬಟ್ಟೆಯನ್ನು ಮೇಲಕ್ಕೆ ಎತ್ತುತ್ತದಲ್ಲ, ಆ ಎರಡಿಂಚು ಅಲ್ಲಿಗೆ ಸರಿಹೋಗಿ ಕೆಳಗಂಚು ಸುತ್ತಲೂ ಸಮನಾಗಿ ನಿಲ್ಲುತ್ತದೆ. ಹೊಟ್ಟೆ ಇಲ್ಲದವಳು ಅದನ್ನೇ ಹಾಕಿಕೊಂಡರೆ ಮುಂದೆ ಜೋತುಬೀಳುತ್ತದೆ.

ಈ ವರ್ಷ ದೊಗಳೆ ಬಟ್ಟೆಯ ಫ್ಯಾಷನ್ನು ಬಂತು ನೋಡಿ. ಕಾಲೇಜಿನ ಹುಡುಗಿಯಿಂದ ಹಿಡಿದು ಬ್ಯಾಂಕಿನ ಮ್ಯಾನೇಜರಮ್ಮನವರೆಗೆ ಎಲ್ಲರಿಗೂ ಎದೆಯ ಕೆಳಗಿಂದಲೇ ನೆರಿಗೆ ಬಿಟ್ಟ ಗೌನು ಬೇಕು. ಒಳಗೆ ಇನ್ನೊಬ್ಬರು ಬಾಡಿಗೆಗಿರಬಹುದು, ಅಷ್ಟು ಅಗಲ. ನಮ್ಮ ಮಾಲೀಕರು ಹೊಸ ಪ್ಯಾಟರ್ನ್ ಮಾಡಿಸುವ ಗೋಜಿಗೇ ಹೋಗಲಿಲ್ಲ. ಬಸುರಿಯರ ಲೇಬಲ್ ಬಿಚ್ಚಿಸಿ, ಬೇರೆ ಲೇಬಲ್ ಹಾಕಿಸಿ, ಅದೇ ಗೌನನ್ನು ಅಂಗಡಿಗಳಿಗೆ ಕಳಿಸಿದರು.

"ಸಾರ್, ಮುಂದೆ ಎರಡಿಂಚು ಇಳಿಬೀಳತ್ತೆ" ಅಂದೆ.

"ಬೀಳ್ಲಿ ಬಿಡಮ್ಮ. ಅದನ್ನೇ ಸ್ಟೈಲು ಅಂತಾರೆ."

ನಿಜವಾಗಿಯೂ ಜನ ಹಾಗೇ ಅಂದರು! ನನಗೆ ನಗು ತಡೆಯಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಅದೇ ಆಟ ಶುರುಮಾಡಿಕೊಂಡೆ. ನಮ್ಮ ಗೌನು ಕಂಡ ತಕ್ಷಣ ಕೆಳಗಂಚು ನೋಡುವುದು. ಜೋತಿದ್ದರೆ ಫ್ಯಾಷನ್ನು, ಸಮ ಇದ್ದರೆ ಬಸುರಿ. ಒಮ್ಮೆ ಸಮ ಅಂಚಿನವಳೊಬ್ಬಳಿಗೆ ಎದ್ದು ಸೀಟು ಕೊಟ್ಟೆ. "ನಿಮಗೆ ಹೇಗೆ ಗೊತ್ತಾಯ್ತು? ನಮ್ಮ ಆಫೀಸಲ್ಲೇ ಇನ್ನೂ ಯಾರಿಗೂ ಹೇಳಿಲ್ಲ" ಅಂತ ಅವಳು ಬಾಯಿ ಬಿಟ್ಟಳು. ಆ ಕಥೆಯನ್ನು ಕಾರ್ಖಾನೆಯಲ್ಲಿ ಒಂದು ವಾರ ಹೇಳಿದೆ. ಮನೆಯಲ್ಲಿ ಇನ್ನೊಂದು ವಾರ.

ಹನ್ನೆರಡು ದಿನದ ಹಿಂದೆ ಅಮ್ಮನ ನಿವೃತ್ತಿ. ಅಮ್ಮ ಮೂವತ್ತೊಂದು ವರ್ಷ ಒಂದೇ ಶಾಲೆಯ ಗ್ರಂಥಾಲಯ ನೋಡಿಕೊಂಡವಳು. ಸಭಾಂಗಣದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಮಡಚುವ ಕುರ್ಚಿಗಳು, ಒಂದು ಮೈಕು, ಹಿಂದಿನ ಮೇಜಿನ ಮೇಲೆ ಚಹಾ, ಬಿಸ್ಕತ್ತು. ನನ್ನ ತಮ್ಮ, ಅವನ ಹೆಂಡತಿ ಸ್ವಲ್ಪ ತಡವಾಗಿ ಬಂದರು.

ತಮ್ಮನ ಹೆಂಡತಿ ಅಂಚೆ ಕಚೇರಿಯಲ್ಲಿ ಕೌಂಟರಿಗೆ ಕೂರುವವಳು. ಮಾತು ಕಡಿಮೆ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಅಮ್ಮ ಈ ವಿಷಯವನ್ನು ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಶಾಲೆಯವರು ಬಿಸಾಕಲು ತೆಗೆದಿಟ್ಟ ಚಿತ್ರದ ಪುಸ್ತಕಗಳನ್ನು ಮನೆಗೆ ತಂದು, ಹರಿದ ಹಾಳೆಗಳಿಗೆ ಟೇಪು ಅಂಟಿಸಿ ಒಂದು ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದಳು. ಯಾರಿಗೆ ಅಂತ ನಾವೂ ಕೇಳುತ್ತಿರಲಿಲ್ಲ.

ಅವತ್ತು ತಮ್ಮನ ಹೆಂಡತಿ ಇಟ್ಟಿಗೆ ಬಣ್ಣದ ಗೌನು ಹಾಕಿಕೊಂಡು ಬಂದಳು. ನಮ್ಮದೇ ಗೌನು. ಎದೆಪಟ್ಟಿಯ ಕೆಳಗಿನ ಹನ್ನೊಂದು ನೆರಿಗೆ ದೂರದಿಂದಲೇ ಗುರುತು ಹಿಡಿದೆ. ಕಣ್ಣು ತಾನಾಗಿ ಕೆಳಗಿಳಿಯಿತು. ಅಂಚು ಸಮ! ನಂಬಿಕೆಯಾಗದೆ ಚಹಾ ಕೊಡುವ ನೆಪದಲ್ಲಿ ಅವಳ ಸುತ್ತ ಒಂದು ಸುತ್ತು ಹಾಕಿ ಬಂದೆ. ಮುಂದೆ ನೋಡಿದರೂ ಸಮ, ಪಕ್ಕದಿಂದ ನೋಡಿದರೂ ಸಮ. ಐದು ತಿಂಗಳಂತೂ ಇರಲೇಬೇಕು, ಗಟ್ಟಿಯಾಗಲಿ ಅಂತ ಗಂಡ ಹೆಂಡತಿ ಬಾಯಿ ಮುಚ್ಚಿಕೊಂಡಿದ್ದಾರೆ ಅಂದುಕೊಂಡೆ. ಸಂತೋಷದಲ್ಲಿ ಅವಳಿಗೆ ಕೊಡಬೇಕಿದ್ದ ಚಹಾ ನಾನೇ ಕುಡಿದುಬಿಟ್ಟೆ. ಆ ಸಂತೋಷ ಸುಳ್ಳಲ್ಲ, ಅಷ್ಟನ್ನಾದರೂ ನಂಬಿ.

ಅವಳ ಕೈಯಲ್ಲಿದ್ದ ಬಿಸ್ಕತ್ತಿನ ತಟ್ಟೆ ಕಿತ್ತುಕೊಂಡೆ. "ನೀನು ಕೂತ್ಕೋ. ಇದೆಲ್ಲ ಎತ್ಬಾರ್ದು."

"ಯಾಕಕ್ಕ?"

"ನಂಗೆಲ್ಲಾ ಗೊತ್ತು ಕಣೇ. ನನ್ನ ಕಣ್ಣಿಗೆ ಮಣ್ಣೆರಚೋಕಾಗತ್ತಾ?"

ಅವಳ ಮುಖ ಬಿಳುಚಿಕೊಂಡಿತು. ನಾಚಿಕೆ ಅಂದುಕೊಂಡೆ. ಅಲ್ಲಿಗಾದರೂ ಸುಮ್ಮನಿರಬಹುದಿತ್ತು. ನನ್ನ ನಾಲಿಗೆಗೆ ಮೂಳೆ ಇದ್ದರೆ ತಾನೆ! ನೇರ ವೇದಿಕೆಗೆ ಹೋಗಿ, ಅಮ್ಮನ ಕುರ್ಚಿಯ ಹಿಂದೆ ಬಗ್ಗಿ, ಕಿವಿಯಲ್ಲಿ ಹೇಳಿಬಿಟ್ಟೆ. ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. "ನಿಜವೇನೇ?" ಅಂದಳು. "ನನ್ನ ಕಣ್ಣು ಯಾವತ್ತಾದ್ರೂ ತಪ್ಪಿದ್ಯಾ?" ಅಂದೆ.

ಅಮ್ಮನ ಮಾತಿನ ಸರದಿ ಬಂತು. ಮೈಕು ಹಿಡಿದು ಎರಡು ಮಾತು ಮುಖ್ಯೋಪಾಧ್ಯಾಯರಿಗೆ ಹೇಳಿದಳು, ಎರಡು ಮಾತು ಮಕ್ಕಳಿಗೆ. ಆಮೇಲೆ ನಕ್ಕಳು.

"ನಾಳೆಯಿಂದ ಮನೇಲಿ ಕೂತು ಏನ್ಮಾಡ್ತೀರಿ ಅಂತ ಎಲ್ಲರೂ ಕೇಳ್ತಿದ್ರು. ಈಗ ತಾನೇ ಉತ್ತರ ಸಿಕ್ತು. ಕಥೆ ಓದಿಸ್ಕೊಳ್ಳೋಕೆ ನಮ್ಮನೇಗೇ ಒಬ್ಬರು ಬರ್ತಿದಾರೆ."

ಹೇಳಿ, ಸೊಸೆಯ ಕಡೆ ಕೈ ಚಾಚಿದಳು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನವರು ಕುರ್ಚಿ ತಿರುಗಿಸಿ ಅವಳ ಹೊಟ್ಟೆ ನೋಡಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದೆ. ಅವಳು ಎದ್ದು, ಯಾರ ಮುಖವನ್ನೂ ನೋಡದೆ, ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು. ತಮ್ಮ ಗೋಡೆಗೆ ಒರಗಿ ನಿಂತಿದ್ದವನು ನನ್ನ ಹತ್ತಿರ ಬಂದ.

"ಅಕ್ಕ, ಏನ್ ಮಾಡ್ದೆ ನೀನು?" ಅಂದ. ಅಷ್ಟೇ ಅಂದದ್ದು. ನನ್ನ ಕೈ ಚಪ್ಪಾಳೆಯ ಮಧ್ಯದಲ್ಲೇ ನಿಂತಿತು.

ಚಿಕ್ಕ ಮಕ್ಕಳ ತರಗತಿಯೊಂದರಲ್ಲಿ ಅವಳು ಸಿಕ್ಕಳು. ಮೊಣಕಾಲೆತ್ತರದ ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಗೌನಿನ ಬಣ್ಣ ಮತ್ತೆ ಕಣ್ಣಿಗೆ ಬಿತ್ತು. ಇಟ್ಟಿಗೆ ಬಣ್ಣದ ಆ ಬಟ್ಟೆ ನಮ್ಮಲ್ಲಿ ಹೋದ ವರ್ಷವೇ ಮುಗಿದಿತ್ತು. ಈ ಫ್ಯಾಷನ್ನಿನ ಗಾಳಿ ಬೀಸುವುದಕ್ಕೆ ಎಷ್ಟೋ ಮೊದಲು. ಆಗ ಅದನ್ನು ಕೊಳ್ಳುತ್ತಿದ್ದವರು ಬಸುರಿಯರು ಮಾತ್ರ. ಎದುರಿನ ಬೆಂಚಿನಲ್ಲಿ ಕೂತೆ.

"ಹೋದ ವರ್ಷ ತಗೊಂಡಿದ್ದಾ?"

"ನಾಲ್ಕನೇ ತಿಂಗಳಲ್ಲಿ ತಗೊಂಡೆ" ಅಂದಳು. "ಹಾಕ್ಕೊಳ್ಳೋ ಮೊದಲೇ ಹೋಯ್ತು. ಅವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಅಮ್ಮ ಆಸೆ ಇಟ್ಕೊಂಡು ಆಮೇಲೆ ನೊಂದ್ಕೋತಾರೆ ಅಂತ."

ಅವಳು ಗೌನಿನ ನೆರಿಗೆ ಸವರಿಕೊಂಡಳು.

"ನಮ್ಮ ಕೌಂಟರಲ್ಲಿ ಈಗ ಎಲ್ಲರೂ ಇಂಥದ್ದೇ ಹಾಕ್ತಾರೆ. ನಾನೂ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ ಅಂದ್ಕೊಂಡೆ. ಬೀರುವಿನಲ್ಲಿ ಅದನ್ನ ನೋಡಿ ನೋಡಿ ಸಾಕಾಗಿತ್ತು ಅಕ್ಕ. ಮುಂದೆ ಜಾಸ್ತಿ ಇಳಿಬೀಳ್ತಿತ್ತು. ಅಂಚು ನೋಡಿ, ಇದು ಬಸುರಿ ಗೌನು ಅಂತ ನೀವು ಕಂಡುಹಿಡೀತೀರಿ ಅಂತ ನಾನೇ ಕೈಯಲ್ಲಿ ಸರಿಮಾಡ್ಕೊಂಡೆ."

ನೀವು ಕಂಡುಹಿಡೀತೀರಿ ಅಂತ. ನನ್ನ ಕಣ್ಣಿಗೆ ಹೆದರಿ ಆ ಹುಡುಗಿ ಸೂಜಿ ಹಿಡಿದಿದ್ದಳು. ಅಂಚು ನೋಡಿಯೇ ಹೇಳುತ್ತೇನೆ ಅಂತ ಬಸ್ಸಿನ ಕಥೆಯನ್ನು ಅವಳ ಮುಂದೆಯೇ ಎಷ್ಟು ಸಲ ಕೊಚ್ಚಿಕೊಂಡಿದ್ದೆ, ಯಾವ ಅಂಚು ಏನು ಹೇಳುತ್ತದೆ ಅಂತ ಮಾತ್ರ ಬಿಡಿಸಿ ಹೇಳಿರಲಿಲ್ಲ! ನೆಲ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು ಕಣೇ" ಅಂದೆ. ಎಷ್ಟು ಸಣ್ಣ ಮಾತು ಅದು. "ಈಗ್ಲೇ ಹೋಗಿ ಹೇಳ್ತೀನಿ."

"ಮಗು ಹೋಗಿದ್ದು ಹೇಳ್ಬೇಡಿ."

"ಇಲ್ಲ. ನನ್ನ ತಪ್ಪು ಮಾತ್ರ."

ಸಭಾಂಗಣದ ಬಾಗಿಲಿನಿಂದ ಮೈಕಿನವರೆಗೆ ಮೂವತ್ತು ಹೆಜ್ಜೆ ಇರಬಹುದು. ಅಷ್ಟು ಉದ್ದದ ಬಟ್ಟೆಯನ್ನು ನಾನು ಜೀವಮಾನದಲ್ಲಿ ಹಾಸಿದವಳಲ್ಲ. ಮೈಕು ಹಿಡಿದೆ. "ಅಮ್ಮ ಹೇಳಿದ ಸುದ್ದಿ ನನ್ನಿಂದ ಬಂದಿದ್ದು. ಅದು ಸುಳ್ಳು. ಗೌನು ನೋಡಿ ನಾನು ಮೋಸ ಹೋದೆ. ಅದು ಬರೀ ಫ್ಯಾಷನ್ನು. ದಯವಿಟ್ಟು ಅವಳ ಹತ್ತಿರ ಯಾರೂ ಏನೂ ಕೇಳ್ಬೇಡಿ" ಅಂದೆ. ಹಿಂದಿನಿಂದ ವ್ಯಾಯಾಮದ ಮೇಷ್ಟ್ರು, "ನಿಮ್ಮ ಟೇಪು ಬದಲಾಯಿಸಿ ಮೇಡಂ!" ಅಂದರು. ಎಲ್ಲರೂ ನಕ್ಕರು. ನಗಲಿ. ನಕ್ಕಷ್ಟೂ ಅವಳ ಮೇಲಿನ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ಅಮ್ಮ ಮಾತ್ರ ನಗಲಿಲ್ಲ. ಮೂವತ್ತೊಂದು ವರ್ಷದ ಕೆಲಸದ ಕೊನೆಯ ದಿನ, ತುಂಬಿದ ಸಭೆಯಲ್ಲಿ, ಅವಳ ಮುಖದಲ್ಲಿ ನಾನು ಹೊತ್ತಿಸಿದ್ದ ದೀಪವನ್ನು ನಾನೇ ಆರಿಸಿದ್ದೆ. ಅವಳು ಕನ್ನಡಕ ಮಡಚಿ ಡಬ್ಬಿಯಲ್ಲಿಟ್ಟು, ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಳು.

ತರಗತಿಗೆ ವಾಪಸು ಬಂದಾಗ ತಮ್ಮನ ಹೆಂಡತಿ ಹೊರಡಲು ಎದ್ದಿದ್ದಳು. ಬೆಂಚಿನ ಮೊಳೆಗೆ ಸಿಕ್ಕಿ ಗೌನಿನ ಮುಂದಿನ ಅಂಚು ಗೇಣುದ್ದ ಬಿಚ್ಚಿಕೊಂಡಿತ್ತು.

"ಹೀಗೇ ಹೋಗ್ಬೇಡ, ನಿಲ್ಲು" ಅಂದೆ. ಸೂಜಿ ದಾರ ನನ್ನ ಕೈಚೀಲದಲ್ಲಿ ಯಾವತ್ತೂ ಇರುತ್ತದೆ. ಅವಳ ಕಾಲ ಬಳಿ ಮೊಣಕಾಲೂರಿ ಕೂತೆ. ಅಂಚು ಬೆರಳಿಗೆ ದಪ್ಪಗೆ ಹತ್ತಿತು. ಕತ್ತರಿಸಿರುತ್ತಾಳೆ ಅಂದುಕೊಂಡಿದ್ದೆ. ಕತ್ತರಿಸಿರಲಿಲ್ಲ. ಎರಡಿಂಚಿಗೆ ಎರಡಿಂಚೂ ಒಳಗೆ ಮಡಿಸಿಟ್ಟಿದ್ದಳು. ಹತ್ತೊಂಬತ್ತು ವರ್ಷದ ಕಣ್ಣಿಗೆ ಅಂಚಿನ ದಪ್ಪ ಕಾಣಬೇಕಿತ್ತು. ನಾನು ನೋಡಿದ್ದು ಅವಳ ಹೊಟ್ಟೆಯನ್ನು.

ತಲೆಯೆತ್ತುವ ಧೈರ್ಯ ಬರಲಿಲ್ಲ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು. ಮೊದಲ ಹೊಲಿಗೆ ಹಾಕಿ ದಾರ ಬಿಗಿಯಾಗಿ ಎಳೆದೆ.

"ಗಟ್ಟಿ ಹಾಕ್ಬೇಡಿ ಅಕ್ಕ" ಅಂದಳು ಮೇಲಿಂದ. "ಆಮೇಲೆ ಬಿಚ್ಚೋಕೆ ಬರೋ ಹಾಗೆ ಹಾಕಿ."