ಪೈನೆಮ್‌ಗೆ ಕೊಟ್ಟ ಮಾತು

ನಮ್ಮ ಹಳ್ಳಿಯಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆಯುವವಳು ನಾನು, ತುಮಿರಾ. ಮೂವತ್ತು ವರ್ಷ ಮಾಡಿದ್ದೇನೆ. ಹೋದ ವರ್ಷ ನನ್ನ ಕರುಳು ಕೆಟ್ಟಿತು. ಜೋಗ್ಜಾ ಪಟ್ಟಣದ ಡಾಕ್ಟರು ಕೆಟ್ಟದ್ದನ್ನು ಕತ್ತರಿಸಿ ತೆಗೆದು, ಉಳಿದದ್ದರ ತುದಿಯನ್ನು ಹೊಟ್ಟೆಯ ಹೊರಗೆ ತಂದು ಹೊಲಿದು, ಮೇಲೊಂದು ಚೀಲ ಅಂಟಿಸಿದರು. ಅದು ಹಗಲಿಲ್ಲ ಇರುಳಿಲ್ಲ, ತುಂಬುತ್ತಲೇ ಇರುತ್ತದೆ.

ಆಸ್ಪತ್ರೆಯಲ್ಲಿ ಮೊದಲ ಸಲ ಅದನ್ನು ಖಾಲಿ ಮಾಡಿದವಳು ಗೆಳತಿ ಪೈನೆಮ್. ನಾನು ಹೇಸಿ ಮುಖ ತಿರುಗಿಸಿಕೊಂಡಿದ್ದೆ.

"ಏನೇ ನಿನ್ನ ಬಿಂಕ! ಇನ್ಯಾರದ್ದೋ ಅನ್ನೋ ಹಂಗೆ ಆಡ್ತೀಯಲ್ಲ," ಎಂದು ಬೈದಳು. "ನೋಡು, ನಾನು ಸತ್ತರೆ ನೀನೇ ತೊಳೀಬೇಕು. ಬೇರೆಯೋರು ಕೈ ಹಾಕಿದರೆ ಎದ್ದು ಓಡ್ತೀನಿ."

ಆಗಲಿ ಎಂದಿದ್ದೆ. ಆದರೆ ಮನೆಗೆ ಬಂದ ಮೇಲೆ ಆ ಕೆಲಸವನ್ನೇ ಬಿಟ್ಟೆ. ಮಾಡಬೇಡ ಎಂದು ಯಾರೂ ಹೇಳಿರಲಿಲ್ಲ. ಇಂಥ ಮೈಯವಳು ಇನ್ನೊಬ್ಬರನ್ನು ಶುದ್ಧ ಮಾಡುವುದು ಹೇಗೆಂದು ನಾನೇ ತೀರ್ಮಾನಿಸಿಕೊಂಡೆ.

ಮೊನ್ನೆ ಪೈನೆಮ್ ಹೋದಳು. ಕೊಟ್ಟ ಮಾತಿಗೆ ತಪ್ಪಲು ಮನಸ್ಸು ಬರಲಿಲ್ಲ. ಚೀಲ ಕಾಣದಿರಲೆಂದು ಉದ್ದದ ಸೊಂಟಪಟ್ಟಿಯನ್ನು ಬಿಗಿಯಾಗಿ ಹತ್ತು ಸುತ್ತು ಸುತ್ತಿಕೊಂಡು ಹೊರಟೆ. ಹಾಗೆ ಬಿಗಿಯಬೇಡಿ ಎಂದು ನರ್ಸ್ ಸಾರಿ ಸಾರಿ ಹೇಳಿದ್ದಳು. ನನ್ನ ತಲೆಗೆ ಹೋಗಿರಲಿಲ್ಲ.

ಹೆಣ ತೊಳೆಯಲೆಂದು ಕಟ್ಟಿದ್ದ ಪರದೆಯೊಳಗೆ ನಾನು, ಪೈನೆಮ್‌ಳ ಮಗಳು ರೆತ್ನೊ, ಇನ್ನಿಬ್ಬರು ಹೆಂಗಸರು. ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಒಳಗೆ ಉಳಿದದ್ದನ್ನು ಹೊರಗೆ ತರುವುದು ಮೊದಲ ಕೆಲಸ. ಅಂಗೈಯಿಟ್ಟು ಬಾಗಿದೆ. ಬಿಗಿದ ಪಟ್ಟಿಯಡಿ ನನ್ನದೇ ಚೀಲ ಬಿಟ್ಟುಕೊಂಡು ಬೆಚ್ಚಗೆ ಹರಿಯಿತು. ವಾಸನೆ ಎದ್ದಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಬೇರೆ ಯಾರನ್ನಾದ್ರೂ ಕರಿಯಮ್ಮ. ನನ್ನಿಂದಾಗಲ್ಲ," ಎಂದೆ.

ರೆತ್ನೊ ನನ್ನನ್ನು ಮೂಲೆಗೆ ಕರೆದೊಯ್ದು ಪಟ್ಟಿ ಬಿಚ್ಚಿದಳು. ತಾಯಿಗೆಂದು ತುಂಬಿಸಿದ್ದ ಹಂಡೆಯ ನೀರನ್ನೇ ಮೊಗೆದು ನನ್ನ ಹೊಟ್ಟೆ ತೊಳೆದಳು. ನನ್ನ ಕೈಚೀಲದಲ್ಲಿದ್ದ ಹೊಸ ಚೀಲ ತೆಗೆದು, ಹೇಗೆಂದು ನನ್ನನ್ನೇ ಕೇಳಿ ಕೇಳಿ ಅಂಟಿಸಿದಳು. ತನ್ನದೇ ಒಂದು ಉಡುವ ಬಟ್ಟೆ ತಂದು ಉಡಿಸಿದಳು.

"ಬನ್ನಿ ದೊಡ್ಡಮ್ಮ," ಎಂದಳು. "ಅಮ್ಮ ಕಾಯ್ತಾ ಇದಾಳೆ."

ಮತ್ತೆ ಅಂಗೈಯಿಟ್ಟು ಒತ್ತಿದೆ. ಬಂದದ್ದನ್ನು ತೊಳೆದೆ. ಹೇಸಿಗೆ ಎನಿಸಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬರದೂ ಎನಿಸಿರಲಿಲ್ಲ, ನನ್ನದೊಂದನ್ನು ಬಿಟ್ಟು.

ಹೆಣದ ಮೇಲೆ ಕಣ್ಣೀರು ಬೀಳಬಾರದು. ಅದನ್ನು ಊರಿಗೆಲ್ಲ ಹೇಳಿಕೊಟ್ಟವಳು ನಾನೇ. ಮುಖ ತಿರುಗಿಸಿಕೊಂಡು ಅತ್ತೆ. ಕೈ ಮಾತ್ರ ಅವಳ ಹೊಟ್ಟೆಯ ಮೇಲಿಂದ ತೆಗೆಯಲಿಲ್ಲ.