ಏಳಕ್ಕೆ ನಿಂತ ಎಣಿಕೆ

ವಾಲ್ಪರೈಸೊ ಬಂದರಿನ ಚೌಕದಲ್ಲಿ ಮರದ ಪೆಟ್ಟಿಗೆಯ ಕ್ಯಾಮೆರಾ ಇಟ್ಟುಕೊಂಡು ಜನರ ಫೋಟೋ ತೆಗೆಯುವುದು ನನ್ನ ಕಸುಬು. ಆದರೆ ದಿನದ ಮೊದಲ ಫೋಟೋ ಕಾಗದ ಜನರಿಗಲ್ಲ, ಊರಿನ ಯಾವುದಾದರೂ ಒಂದು ಕಟ್ಟಡಕ್ಕೆ. ಗಡಿಯಾರದ ಗೋಪುರ, ಸುಂಕದ ಕಚೇರಿ, ಗುಡ್ಡ ಹತ್ತುವ ಗಾಡಿಗಳ ನಿಲ್ದಾಣ, ತಗಡು ಹೊದಿಸಿದ ಹಳೆಯ ಮನೆಗಳು, ಒಂದೂ ಬಿಟ್ಟಿಲ್ಲ. ಮುದುಕನಿಗೆ ಊರಿನ ಮೇಲೆ ಎಷ್ಟು ಪ್ರೀತಿ ಎಂದು ಜನ ಆಡಿಕೊಳ್ಳುತ್ತಾರೆ. ಕಾರಣ ಅದಲ್ಲ.

ನನ್ನ ಕ್ಯಾಮೆರಾಕ್ಕೆ ಗುಂಡಿ ಇಲ್ಲ. ಮುಂದಿನ ಮುಚ್ಚಳ ತೆಗೆದು ಬಾಯಲ್ಲಿ ಎಣಿಸಬೇಕು. ಬಿಸಿಲಿದ್ದರೆ ಮೂರು, ಮೋಡವಿದ್ದರೆ ಐದು, ಸಂಜೆಯಾದರೆ ಹನ್ನೆರಡು. ಎಣಿಸಿ ಮುಚ್ಚಳ ಹಾಕಿ ‘ಆಯ್ತು’ ಎನ್ನುತ್ತೇನೆ. ಆ ಮಾತು ಕೇಳುವವರೆಗೆ ಎದುರಿಗೆ ನಿಂತವರು ಕದಲಬಾರದು. ನಡೆದುಹೋಗುವವರು ಕಾಗದದ ಮೇಲೆ ಸರಿಯಾಗಿ ಮೂಡುವುದೇ ಇಲ್ಲ. ಪೆಟ್ಟಿಗೆಯೊಳಗೇ ಕೈ ತೂರಿಸಿ ತೊಳೆದಾಗ ಮೊದಲು ಬರುವುದು ಉಲ್ಟಾ ಕಾಗದ, ಬಿಳಿಯೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಅದನ್ನು ಎದುರಿಗಿಟ್ಟು ಇನ್ನೊಮ್ಮೆ ತೆಗೆದರೆ ಸರಿಯಾದ ಫೋಟೋ.

ನನ್ನ ಹೆಂಡತಿ ಎರ್ಮಿನಿಯಾಳ ಫೋಟೋ ನನ್ನ ಹತ್ತಿರ ಒಂದೂ ಇರಲಿಲ್ಲ. ನಾಳೆ ತೆಗೆದರಾಯಿತು ಎನ್ನುತ್ತಲೇ ವರ್ಷಗಳು ಹೋದವು. ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಅವಳು ಹೊಸ ಬಿಳಿ ರವಿಕೆ ತೊಟ್ಟು ಬಂದು, ಹಳೆಯ ಹಗ್ಗದ ಉಗ್ರಾಣದ ಬಾಗಿಲ ಮುಂದೆ ತಾನಾಗಿಯೇ ನಿಂತಳು. ಬೇಗ ಮುಗಿಸಿ, ಮೂಗು ತುರಿಸ್ತಾ ಇದೆ ಎಂದು ನಗಿಸಿದಳು. ನಾನು ಮುಚ್ಚಳ ತೆಗೆದೆ.

ಏಳು ಎನ್ನುವಾಗ ನೆಲ ನಡುಗಿತು. ನಮ್ಮೂರಿನಲ್ಲಿ ಸಣ್ಣ ನಡುಕಕ್ಕೆ ಯಾರೂ ಎದ್ದು ಓಡುವುದಿಲ್ಲ. ಚಹಾದ ಲೋಟ ಚೆಲ್ಲದ ಹಾಗೆ ಹಿಡಿದುಕೊಂಡು ಕೂತಿರುತ್ತಾರೆ. ಓಡಿದವನು ಪರವೂರಿನವನು ಎಂದು ನಗುತ್ತಾರೆ. ಅವಳು ಕಾಲು ತೆಗೆಯಲು ಹೋದಳು.

“ಕದಲಬೇಡ. ಸಣ್ಣದು, ಹೋಗುತ್ತೆ” ಅಂದೆ.

ಅವಳು ಕದಲಲಿಲ್ಲ. ಉಗ್ರಾಣದ ನೆತ್ತಿಯ ಕಲ್ಲಿನ ಅಂಚು ಅವಳ ಮೇಲೆ ಬಿತ್ತು. ಪೆಟ್ಟಿಗೆ ಉರುಳಿ ಬಾಯಿಬಿಟ್ಟು, ಒಳಗಿದ್ದ ಕಾಗದವೂ ಬೆಳಕು ಬಿದ್ದು ಹಾಳಾಯಿತು.

ಅವಳ ತಂಗಿ ದೊಮಿತಿಲಾ ಆ ಜಾಗದಲ್ಲಿ ತಗಡಿನ ಪುಟ್ಟ ಮನೆ ಮಾಡಿಟ್ಟು ಮೇಣದಬತ್ತಿ ಹಚ್ಚಿದಳು. ಹಾಗೆ ಹಠಾತ್ತನೆ ಹೋದವರ ಜೀವ ಬಿದ್ದ ಜಾಗದಲ್ಲೇ ಉಳಿಯುತ್ತದೆ, ಅದಕ್ಕೊಂದು ಸೂರು ಬೇಕು ಎನ್ನುತ್ತಾರೆ ನಮ್ಮಲ್ಲಿ. ನಾನು ಆ ಬೀದಿಗೇ ಹೋಗಲಿಲ್ಲ. ಉಳಿದ ಕಟ್ಟಡಗಳು ಬೀಳುವ ಮೊದಲು ಅವುಗಳ ಫೋಟೋ ತೆಗೆದಿಡೋಣ ಎಂದು ಹೊರಟೆ. ಮೊದಲ ದಿನ ಸುಂಕದ ಕಚೇರಿ. ಉಲ್ಟಾ ಕಾಗದ ತೊಳೆದು ನೋಡಿದರೆ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು, ಕಪ್ಪು ರವಿಕೆ. ಬಿಳಿಯದು ಉಲ್ಟಾದರೆ ಕಪ್ಪೇ ತಾನೇ. ಅದನ್ನೇ ಇಟ್ಟು ಸರಿಯಾದ ಫೋಟೋ ತೆಗೆದೆ, ಬರೀ ಬಾಗಿಲು ಬಂತು.

ಅಂದಿನಿಂದ ದಿನವೂ ಬಂದಳು. ಯಾವ ಕಟ್ಟಡವಾದರೂ ಸರಿ, ಬಾಗಿಲ ಹತ್ತಿರ. ಮುಖ ಮಾತ್ರ ಮಸುಕು. ಇವತ್ತು ಸ್ಪಷ್ಟವಾದೀತು, ನಾಳೆ ಆದೀತು ಎಂದು ನಾನು ನಲವತ್ತು ವರ್ಷ ತೆಗೆದೆ. ಉಲ್ಟಾ ಕಾಗದಗಳನ್ನೆಲ್ಲ ತಾರೀಖು ಬರೆದು ಬಿಸ್ಕತ್ತಿನ ಡಬ್ಬಗಳಲ್ಲಿ ಮುಚ್ಚಿಟ್ಟೆ.

ಈ ಚಳಿಗಾಲ ನನಗೆ ಜ್ವರ ಬಂದಾಗ ದೊಮಿತಿಲಾ ಮೀನಿನ ಸಾರು ತಂದಳು. ಚಹಾಕ್ಕೆ ಸಕ್ಕರೆ ಹುಡುಕುತ್ತ ಡಬ್ಬ ತೆರೆದಳು. ಬಿಸ್ಕತ್ತನ್ನೂ ಬಚ್ಚಿಡೋ ಜಿಪುಣ ನೀವು ಎಂದು ಅಣಕಿಸುತ್ತಿದ್ದವಳು ಒಳಗಿದ್ದ ಕಾಗದಗಳನ್ನು ಕಂಡಳು. ಒಂದೊಂದೇ ಕಾಗದ ಎತ್ತಿ ಕಿಟಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

“ಭಾವ, ಮೊದಮೊದಲು ನೆಟ್ಟಗೆ ನಿಂತಿದ್ದಾಳೆ. ಈಚಿನವು ನೋಡಿ. ಗೋಡೆಗೆ ಒರಗಿದ್ದಾಳೆ, ಒಂದು ಕಾಲಿನ ಮೇಲೆ ನಿಂತಿದ್ದಾಳೆ.”

ನಾನು ಯಾವತ್ತೂ ಕಾಲು ನೋಡಿರಲಿಲ್ಲ. ಮುಖ ಹುಡುಕುತ್ತಿದ್ದೆ.

“ಆವತ್ತು ‘ಆಯ್ತು’ ಅಂದ್ರಾ ನೀವು?”

ಇಲ್ಲ ಎಂದೆ.

“ಮತ್ತೆ ಅವಳು ಹೇಗೆ ಹೋಗ್ತಾಳೆ? ನೀವು ಹೇಳಿದ್ದಕ್ಕೆ ನಿಂತವಳು.”

ಹೇಳಿದರೆ ಹೋಗಿಬಿಡುತ್ತಾಳೆ ಎಂದೆ. ಹೋಗಲಿ ಅಂತಲೇ ಹೇಳೋದು ಎಂದಳು ದೊಮಿತಿಲಾ. ಸಾರು ಕುಡಿಸದೆ ಎದ್ದು ಹೋದಳು.

ಜ್ವರ ಬಿಟ್ಟ ಮೇಲೂ ಎಂಟು ದಿನ ನಾನು ಪೆಟ್ಟಿಗೆ ಮುಟ್ಟಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಹೊತ್ತುಕೊಂಡು ಆ ಬೀದಿಗೆ ಹೋದೆ. ಉಗ್ರಾಣದ ಮುಂಗೋಡೆಯೊಂದೇ ನಿಂತಿತ್ತು, ಬಾಗಿಲ ಪಕ್ಕದಲ್ಲಿ ತಗಡಿನ ಮನೆ, ಕರಗಿದ ಮೇಣ. ಮೋಡವಿತ್ತು. ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ ಮುಚ್ಚಳ ತೆಗೆದು, ಅಂದು ನಿಂತಲ್ಲಿಂದ ಎಣಿಸಿದೆ. ಎಂಟು. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು.

ಮುಚ್ಚಳ ಹಾಕಿದೆ. ರೊಟ್ಟಿಯ ಗಾಡಿಯೊಂದು ಹಾದುಹೋಗುವವರೆಗೂ ಹಾಗೇ ನಿಂತಿದ್ದೆ.

“ಆಯ್ತು, ಎರ್ಮಿನಿಯಾ” ಅಂದೆ.

ಉಲ್ಟಾ ಕಾಗದ ತೊಳೆದಾಗ ಬಾಗಿಲಲ್ಲಿ ಅವಳಿದ್ದಳು, ಮುಖ ಸ್ಪಷ್ಟವಾಗಿತ್ತು. ಮೂಗು ತುರಿಸುವುದನ್ನು ತಡೆದುಕೊಂಡವಳ ಅದೇ ಮುಖ. ಕಪ್ಪು ಕೂದಲು ಕಾಗದದಲ್ಲಿ ಪೂರ್ತಿ ಬೆಳ್ಳಗೆ ಬಂದಿತ್ತು, ನನ್ನಷ್ಟೇ ವಯಸ್ಸಾದವಳ ಹಾಗೆ. ಅದನ್ನು ಸರಿಯಾದ ಫೋಟೋ ಮಾಡಲು ನಾನು ಹೋಗಲಿಲ್ಲ.

ಮರುದಿನ ಗಡಿಯಾರದ ಗೋಪುರ ತೆಗೆದೆ. ಉಲ್ಟಾ ಕಾಗದದಲ್ಲಿ ಬಾಗಿಲಿತ್ತು, ಮೂರು ಮೆಟ್ಟಿಲಿದ್ದವು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.