ಗ್ಯಾಲರಿಯಲ್ಲಿ ಎದ್ದು ನಿಂತವಳು

ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಯ ಬಾಗಿಲಲ್ಲಿ ನಿಂತು ಮಾರ್ಷಲಮ್ಮ ಎಂದಿನ ಪಾಠ ಒಪ್ಪಿಸುತ್ತಿದ್ದಳು. ಫೋನ್ ಕೆಳಗೇ ಬಿಟ್ಟಿರಬೇಕು. ಕಾಲ ಮೇಲೆ ಕಾಲು ಹಾಕಬಾರದು. ಚಪ್ಪಾಳೆ ತಟ್ಟಬಾರದು, ನಗಬಾರದು, ಏಳಬಾರದು, ಮಾತಂತೂ ಕೂಡದು. ಹೇಳೀ ಹೇಳೀ ಬಾಯಿಪಾಠವಾಗಿದ್ದ ಇದನ್ನು ಅವಳು ನಿದ್ದೆಯಲ್ಲೂ ಗೊಣಗುತ್ತಾಳೆಂದು ಗಂಡ ಚುಡಾಯಿಸುವುದಿತ್ತು. ಸೊಸೆ ಮನೆಗೆ ಕಾಲಿಟ್ಟರೆ ಟಿ.ವಿ. ತಾನಾಗಿಯೇ ಮೆತ್ತಗಾಗುತ್ತದೆ ಎಂದು ಅತ್ತೆ ನೆಂಟರ ಮುಂದೆ ಹೇಳಿ ನಗುತ್ತಿದ್ದರು.

"ಅಳಬಹುದಾ ಮೇಡಂ?"

ಕೇಳಿದವಳು ಸಾಲಿನ ಕೊನೆಯಲ್ಲಿದ್ದ ಹೆಂಗಸು. ಒಗೆದು ಒಗೆದು ಬಣ್ಣ ಹೋದ ಬಟ್ಟೆಯನ್ನು ನೀಟಾಗಿ ಇಸ್ತ್ರಿ ಮಾಡಿ ಉಟ್ಟಿದ್ದಳು. ಇಷ್ಟು ವರ್ಷಗಳಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ. ಮಾರ್ಷಲಮ್ಮ ತಡವರಿಸಿ, "ಸದ್ದು ಬರಬಾರದು, ಅಷ್ಟೇ" ಎಂದಳು. ಹೇಳಿದ ಮೇಲೆ ಅವಳಿಗೇ ಒಂಥರಾ ಆಯಿತು.

ಹೆಂಗಸನ್ನು ತಾನು ನಿಲ್ಲುವ ಜಾಗದ ಪಕ್ಕದಲ್ಲೇ, ಕೊನೆಯ ಸಾಲಿನಲ್ಲಿ ಕೂರಿಸಿದಳು. ಕಲಾಪ ಶುರುವಾಗುವ ಮುಂಚೆ ಹೆಂಗಸು ಪಿಸುಮಾತಿನಲ್ಲಿ ಹೇಳಿಕೊಂಡಳು. ಶಾಲೆಯ ಕಾಂಪೌಂಡ್ ಗೋಡೆ ಕುಸಿದು ಅವಳ ಮಗಳು ಸತ್ತಿದ್ದಳು. ಮಗು ಗೋಡೆ ಹತ್ತಿದ್ದರಿಂದ ಹೀಗಾಯಿತೆಂದು ಇಲಾಖೆಯವರು ಬರೆದು ಕೈತೊಳೆದುಕೊಂಡಿದ್ದರು.

"ಕುರ್ಚಿ ಹತ್ತೋಕೂ ನನ್ನ ಕೈ ಹಿಡ್ಕೊಳ್ಳೋಳು ನಮ್ಮ ಪುಟ್ಟಿ. ನೆರಳಿದೆ ಅಂತ ಗೋಡೆ ಪಕ್ಕ ಕೂತು ಊಟ ಮಾಡ್ತಿದ್ಲು. ಈಗ ಅಕ್ಕಪಕ್ಕದೋರೂ ಅದನ್ನೇ ಹೇಳ್ತಾರೆ, ತುಂಟ ಮಗು, ಹತ್ತಿರಬೇಕು ಅಂತ. ಗೋಡೆ ಬೀಳೋ ಹಾಗಿತ್ತು ಅಂತ ಮಂತ್ರಿಗಳು ಎಲ್ಲರ ಮುಂದೆ ಒಂದು ಸಲ ಒಪ್ಕೊಂಡ್ರೆ ಸಾಕು ಮೇಡಂ. ನನಗೆ ಇನ್ನೇನೂ ಬೇಡ."

ಅವಳ ಕ್ಷೇತ್ರದ ಸದಸ್ಯರು ಇವತ್ತು ಅದನ್ನೇ ಕೇಳುವವರಿದ್ದರು. ಪಾಸ್ ಕೊಡಿಸಿದವರೂ ಅವರೇ. ಸಚಿವರ ಲಿಖಿತ ಉತ್ತರದ ಪ್ರತಿಗಳು ಬೆಳಿಗ್ಗೆಯೇ ಬಾಗಿಲ ಬಳಿಯ ಮೇಜಿಗೆ ಬಂದಿದ್ದವು, ಮಾರ್ಷಲಮ್ಮ ಓದಿದ್ದಳು. ವಿದ್ಯಾರ್ಥಿನಿಯು ಗೋಡೆ ಹತ್ತಿದ್ದೇ ಅವಘಡಕ್ಕೆ ಕಾರಣ, ಆದ್ದರಿಂದ ಅಧಿಕಾರಿಗಳ ಮೇಲೆ ಕ್ರಮದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತ್ತು. ಸದಸ್ಯರು ಎದ್ದು ಗಟ್ಟಿಯಾಗಿ ಹಿಡಿದು ಕೇಳಿದರೆ ಮಾತ್ರ ಸಚಿವರ ಬಾಯಿಂದ ಬೇರೇನಾದರೂ ಬಂದೀತು.

ಪ್ರಶ್ನೋತ್ತರ ಶುರುವಾಯಿತು. ಪರಿಶೀಲನೆಯಲ್ಲಿದೆ, ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ಸಚಿವರುಗಳು ಒಬ್ಬರ ಹಿಂದೊಬ್ಬರು ಓದಿದರು. ಕೇಳಿದವರು ಕೂತರು. ಕೆಳಗೆ ಸದನದ ಹಿಂದಿನ ಸಾಲಿನಲ್ಲಿ ಒಬ್ಬರು ಹಾಯಾಗಿ ತೂಕಡಿಸುತ್ತಿದ್ದರು, ಅವರಿಗೆ ಯಾವ ಮಾರ್ಷಲಮ್ಮನ ಕಾಟವೂ ಇರಲಿಲ್ಲ.

"ಅವರು ಯಾಕೆ ಏಳ್ತಾರೆ?" ಹೆಂಗಸು ಮೆಲ್ಲಗೆ ಕೇಳಿದಳು.

"ಸಭಾಧ್ಯಕ್ಷರು ನಂಬರ್ ಕರೆದಾಗ ಪ್ರಶ್ನೆ ಯಾರದೋ ಅವರು ಎದ್ದು ನಿಲ್ಲಬೇಕು. ಆಗಲೇ ಮಂತ್ರಿಗಳು ಉತ್ತರ ಹೇಳೋದು."

"ನಿಲ್ಲದೇ ಇದ್ರೆ?"

"ಮುಂದಿನ ಪ್ರಶ್ನೆಗೆ ಹೋಗ್ತಾರೆ."

ಅಷ್ಟರಲ್ಲಿ ಸಚಿವರ ಸಾಲಿನಿಂದ ಒಬ್ಬರು ಎದ್ದು, ಆ ಹೆಂಗಸಿನ ಕ್ಷೇತ್ರದ ಸದಸ್ಯರ ಬಳಿ ಬಂದು ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ಸದಸ್ಯರು ಕಾಗದಗಳನ್ನು ಮಡಚಿಕೊಂಡು ಹೊರಗೆ ನಡೆದರು. ಮೇಲಿನಿಂದ ಇಂಥದ್ದನ್ನು ಮಾರ್ಷಲಮ್ಮ ಎಷ್ಟೋ ಸಲ ಕಂಡಿದ್ದಳು.

"ಎಲ್ಲಿಗೆ ಹೋದ್ರು?"

"ಬರ್ತಾರೆ" ಎಂದಳು. ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಭಾಧ್ಯಕ್ಷರು ನಂಬರ್ ಕರೆದರು. ಸದಸ್ಯರ ಹೆಸರು ಕರೆದರು. ಖಾಲಿ ಕುರ್ಚಿಯತ್ತ ನೋಡಿ, "ಸದಸ್ಯರು ಗೈರು. ಲಿಖಿತ ಉತ್ತರ ಒಪ್ಪಿಸಲಾಗಿದೆ. ಮುಂದಿನ ಪ್ರಶ್ನೆ" ಎಂದರು.

ಹೆಂಗಸು ಎದ್ದು ನಿಂತಳು.

ಅವಳು ಕೂಗಲಿಲ್ಲ, ಅಳಲಿಲ್ಲ. ಮುಂದಿನ ಸಾಲಿನ ಕಂಬಿ ಹಿಡಿದು, ಕೆಳಗಿನವರು ನಿಂತಂತೆಯೇ ನಿಂತಳು. ಕೆಳಗಿದ್ದ ಮುಖ್ಯ ಮಾರ್ಷಲ್ ತಲೆಯೆತ್ತಿ, ಕೂರಿಸು ಎಂದು ಕೈಸನ್ನೆ ಮಾಡಿದರು. ಮಾರ್ಷಲಮ್ಮ ಅಭ್ಯಾಸಬಲದಿಂದ ಹೆಂಗಸಿನ ಹೆಗಲಿಗೆ ಕೈ ಹಾಕಲು ಹೋದಳು. ಸ್ವಲ್ಪ ಮುಂಚೆ ಸದಸ್ಯರ ಹೆಗಲ ಮೇಲೆ ಬಿದ್ದಿದ್ದ ಕೈ ಅವಳಿಗೆ ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು ಅವಳ ಪಕ್ಕದಲ್ಲಿ ಸುಮ್ಮನೆ ನಿಂತಳು.

ಮುಖ್ಯ ಮಾರ್ಷಲ್ ಏದುಸಿರು ಬಿಡುತ್ತಾ ಮೇಲೆ ಬಂದರು. "ಏನಮ್ಮಾ ಇದು?"

"ಅವರ ಪ್ರಶ್ನೆ ಕರೆದಿದ್ದಾರೆ ಸಾರ್. ಅದಕ್ಕೆ ಎದ್ದಿದ್ದಾರೆ."

ಅವರು ಇಬ್ಬರನ್ನೂ ಹೊರಗೆ ಕರೆತಂದರು. ಕೆಟ್ಟ ಮನುಷ್ಯರೇನಲ್ಲ, ದನಿ ಏರಿಸಲೂ ಇಲ್ಲ. "ನನಗೂ ಮಕ್ಕಳಿದ್ದಾರಮ್ಮ, ಕರುಳು ಚುರುಕ್ ಅನ್ನಲ್ವಾ? ಆದ್ರೆ ಇವತ್ತು ಒಬ್ಬರು ನಿಂತ್ರೆ ನಾಳೆ ಗ್ಯಾಲರಿಗೆ ಗ್ಯಾಲರಿಯೇ ನಿಲ್ಲತ್ತೆ. ಆಮೇಲೆ ಸದನ ನಡೆಸೋದು ಹೇಗೆ?"

"ಈಗ ನಡೀತಾ ಇದೆಯಾ ಸಾರ್?"

ಅವರು ನಾಳೆಯಿಂದ ನೆಲಮಾಳಿಗೆಯ ಬ್ಯಾಗ್ ಕೌಂಟರಿನಲ್ಲಿ ಡ್ಯೂಟಿ ಎಂದಷ್ಟೇ ಹೇಳಿ ಒಳಗೆ ಹೋದರು.

ಮೊಗಸಾಲೆಯಲ್ಲಿ ಸಚಿವರ ಸಹಾಯಕರು, ಪತ್ರಕರ್ತರು ಪಿಸುಗುಟ್ಟುತ್ತ ಓಡಾಡುತ್ತಿದ್ದರು. ಹೆಂಗಸು ಗೋಡೆಗೆ ಒರಗಲು ಹೋಗಿ, ಸರಕ್ಕನೆ ಈಚೆ ಸರಿದು ನಿಂತಳು.

"ಉತ್ತರ ಏನು ಬಂತು ತಂಗಿ? ನನಗೆ ಸರಿಯಾಗಿ ಕೇಳಿಸಲಿಲ್ಲ."

ಬಂದೇ ಇಲ್ಲ ಎಂದು ಮಾರ್ಷಲಮ್ಮ ಹೇಳಬೇಕಾಯಿತು. ಮೇಜಿನ ಮೇಲಿದ್ದ ಪ್ರತಿಯಲ್ಲಿ ಏನಿದೆಯೆಂದೂ ಹೇಳಿದಳು. ಸದಸ್ಯರು ಬೇಕೆಂದೇ ಎದ್ದುಹೋದದ್ದನ್ನೂ, ತಾನು ಸುಳ್ಳು ಹೇಳಿದ್ದನ್ನೂ, ಈ ಅಧಿವೇಶನದಲ್ಲಿ ಇದನ್ನು ಮತ್ತೆ ಕೇಳುವಂತಿಲ್ಲ ಎಂಬುದನ್ನೂ ಹೇಳಿದಳು.

"ಹಾಗಾದ್ರೆ ಅವಳು ಹತ್ತಿದ್ಲು ಅಂತಲೇ ಉಳೀತು" ಎಂದಳು ಹೆಂಗಸು.

ಬಾಗಿಲಾಚೆ ಸಭಾಧ್ಯಕ್ಷರು ಇನ್ನೊಂದು ನಂಬರ್ ಕರೆಯುತ್ತಿದ್ದರು. ವರ್ಷಾನುಗಟ್ಟಲೆ ಜನರ ಬಾಯಿ ಮುಚ್ಚಿಸಿದ್ದ ಮಾರ್ಷಲಮ್ಮ ಆ ಮೊಗಸಾಲೆಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ತನ್ನ ಪೂರ್ತಿ ದನಿಯಲ್ಲಿ ಹೇಳಿದಳು:

"ನಿಮ್ಮ ಪುಟ್ಟಿ ಗೋಡೆ ಹತ್ತಲಿಲ್ಲ ಅಕ್ಕಾ. ಗೋಡೆಯೇ ಬಿತ್ತು."

ಕೆಲವರು ತಿರುಗಿ ನೋಡಿದರು. ಯಾರೋ ಒಬ್ಬರು ಶ್ ಎಂದರು. ಆಗ ಆ ಹೆಂಗಸು, ಅಷ್ಟು ಹೊತ್ತು ತಡೆದುಕೊಂಡಿದ್ದವಳು, ಸದ್ದು ಮಾಡಿ ಅಳತೊಡಗಿದಳು.